ಕೆಲಸ ಕೇಳುವ ಮೊದಲು ಪರಿಚಯ: ಬಹ್ರೈನ್ ಕನ್ನಡಿಗರ ಮಕ್ಕಳಿಗೆ ಇಂಟರ್ನ್‌ಶಿಪ್ ಮತ್ತು ಉದ್ಯೋಗದ ದಾರಿ

ಮನಾಮ: ಊರಿನ ಕಾಲೇಜುಗಳಲ್ಲಿ ಪರೀಕ್ಷೆ ಮುಗಿದು ಮಕ್ಕಳು ರಜೆಗೆ ಬಹ್ರೈನ್‌ಗೆ ಬಂದಾಗ ಅನೇಕ ಕನ್ನಡಿಗರ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ. "ಇಂಟರ್ನ್‌ಶಿಪ್ ಕೊಡಿಸೋಕೆ ಯಾರಾದ್ರೂ ಗೊತ್ತಿದ್ದಾರಾ?" ತಂದೆ ತನಗೆ ಗೊತ್ತಿರುವ ಒಬ್ಬ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ. "ಸಿವಿ ಕಳಿಸಿ, ನೋಡೋಣ" ಅಂತ ಉತ್ತರ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಿವಿ ಹೋಗುತ್ತದೆ, ಎರಡು ನೀಲಿ ಗೆರೆ ಬೀಳುತ್ತವೆ. ಆಮೇಲೆ ಸುದ್ದಿಯೇ ಇಲ್ಲ. ರಜೆ ಮುಗಿಯುತ್ತದೆ, ಮಗ ಅಥವಾ ಮಗಳು ವಾಪಸ್ ಹಾಸ್ಟೆಲಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು "ನಮಗೆ ದೊಡ್ಡವರ ಪರಿಚಯ ಇಲ್ಲ" ಎಂಬ ಮಾತು ಮಾತ್ರ.

ಆ ಮ್ಯಾನೇಜರ್ ಕೆಟ್ಟವರೇನಲ್ಲ. ಅವರಿಂದ ಆಗದ ಕೆಲಸವನ್ನು ಅವರ ಬಳಿ ಕೇಳಲಾಗಿತ್ತು, ಅಷ್ಟೇ. ಒಬ್ಬ ಉದ್ಯೋಗಿ ತನ್ನ ಕಂಪೆನಿಯಲ್ಲಿ ಸೀಟು ಸೃಷ್ಟಿಸಲಾರ. ಆದರೆ ಹದಿನೈದು ನಿಮಿಷ ಮಾತಾಡಬಲ್ಲ, ತನ್ನ ಕ್ಷೇತ್ರದಲ್ಲಿ ಈಗ ಏನು ನಡೆಯುತ್ತಿದೆ ಎಂದು ಹೇಳಬಲ್ಲ, ಇನ್ನೊಬ್ಬರ ಹೆಸರು ಕೊಡಬಲ್ಲ. ವೃತ್ತಿ ಸಂಪರ್ಕ ಅಥವಾ ನೆಟ್‌ವರ್ಕಿಂಗ್ ಅಂದ್ರೆ ಇಷ್ಟೇ. ದೊಡ್ಡವರ ಮನೆಯ ಮಕ್ಕಳು ಇದನ್ನು ಊಟದ ಮೇಜಿನಲ್ಲೇ ಕಲಿಯುತ್ತಾರೆ. ಸ್ಟೋರ್‌ಕೀಪರ್, ಡ್ರೈವರ್, ಸೇಲ್ಸ್‌ಮನ್, ಟೆಕ್ನಿಷಿಯನ್ ಮನೆಯ ಮಕ್ಕಳು ಇದನ್ನು ಬೇಕೆಂದೇ ಕಲಿಯಬೇಕಾಗುತ್ತದೆ. ಹೆಚ್ಚು ಅಗತ್ಯ ಇರುವುದೂ ಅವರಿಗೇ.

ಶಿಫಾರಸು ಬೇರೆ, ಪರಿಚಯ ಬೇರೆ

ಶಿಫಾರಸು ಎಂದರೆ "ಇವನಿಗೆ ಕೆಲಸ ಕೊಡಿ" ಎನ್ನುವುದು. ಅದರಲ್ಲಿ ಹೇಳುವವನ ಮರ್ಯಾದೆ ಅಡವಿಗೆ ಬೀಳುತ್ತದೆ. ಹುಡುಗ ಹೇಗೆ ಕೆಲಸ ಮಾಡುತ್ತಾನೆ ಎಂದು ಗೊತ್ತಿಲ್ಲದವರು ಹಿಂದೆಮುಂದೆ ನೋಡುವುದು ಸಹಜ.

ಪರಿಚಯ ಎಂದರೆ "ಇವಳ ಜೊತೆ ಒಮ್ಮೆ ಮಾತಾಡಿ" ಎನ್ನುವುದು. ಇದರಲ್ಲಿ ಯಾರಿಗೂ ನಷ್ಟವಿಲ್ಲ, ಆದ್ದರಿಂದ ಬಾಗಿಲು ಬೇಗ ತೆರೆಯುತ್ತದೆ. ಮಾತಾಡಿದ ಮೇಲೆ ವಿದ್ಯಾರ್ಥಿ ಚುರುಕಾಗಿದ್ದಾಳೆ ಅನ್ನಿಸಿದರೆ ಶಿಫಾರಸು ಕೇಳದೆಯೇ ಬರಬಹುದು. ಮೊದಲ ದಿನವೇ ಶಿಫಾರಸು ಕೇಳಿದರೆ ಪರಿಚಯವೂ ಕೈತಪ್ಪುತ್ತದೆ.

ಕರಾವಳಿಯವರಿಗೆ ಹೊಸದಲ್ಲ

ಈ ದಾರಿ ಅಮೆರಿಕದಿಂದ ಬಂದದ್ದು ಅಂತ ತಿಳಿಯಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿಯಿಂದ ಮುಂಬಯಿಗೆ ಹೋಗಿ ಹೋಟೆಲ್, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಕನ್ನಡ ಸಂಘ-ಸಂಸ್ಥೆಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಓದಿದರು. ಹಗಲು ತಟ್ಟೆ ಎತ್ತಿ ರಾತ್ರಿ ಪಾಠ ಕೇಳಿದವರಲ್ಲಿ ಎಷ್ಟೋ ಮಂದಿ ಮುಂದೆ ಬ್ಯಾಂಕು, ಕಚೇರಿಗಳಿಗೆ ಸೇರಿದರು. ಆ ಶಾಲೆಗಳಲ್ಲಿ ಸಿಕ್ಕಿದ್ದು ಅಕ್ಷರ ಮಾತ್ರವಲ್ಲ. ಪಕ್ಕದ ಬೆಂಚಿನವನು ಯಾವ ಕಚೇರಿಯಲ್ಲಿದ್ದಾನೆ, ಅಲ್ಲಿ ಯಾವಾಗ ಜನ ಬೇಕಾಗುತ್ತದೆ ಎಂಬ ಸುದ್ದಿಯೂ ಸಿಗುತ್ತಿತ್ತು.

ಕೆನರಾ ಬ್ಯಾಂಕ್ (1906), ಕಾರ್ಪೊರೇಷನ್ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ ಬ್ಯಾಂಕ್ (1925), ವಿಜಯಾ ಬ್ಯಾಂಕ್ (1931) ಹುಟ್ಟಿದ್ದು ಇದೇ ಕರಾವಳಿಯ ಮಂಗಳೂರು, ಉಡುಪಿಗಳಲ್ಲಿ. ಒಬ್ಬರು ಸೇರಿದರೆ ಊರಿನ ಇನ್ನೊಬ್ಬರಿಗೆ ಪರೀಕ್ಷೆ ಯಾವುದು, ಅರ್ಜಿ ಯಾವಾಗ ಅಂತ ತಿಳಿಸುತ್ತಿದ್ದರು. ಗಲ್ಫಿಗೆ ಬಂದದ್ದೂ ಹೀಗೆಯೇ. ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ.

ಆದರೆ ಈ ಹಳೆಯ ದಾರಿಗೆ ಒಂದು ಮಿತಿ ಇದೆ. ಹತ್ತಿರದವರು ಹೆಚ್ಚಾಗಿ ತಮ್ಮಂಥ ಕೆಲಸಕ್ಕೇ ಕರೆತರುತ್ತಾರೆ. ತಂದೆ ವೇರ್‌ಹೌಸ್‌ನಲ್ಲಿದ್ದರೆ ತಂದೆಯ ಸ್ನೇಹಿತರೂ ವೇರ್‌ಹೌಸ್‌ನಲ್ಲೇ. ಮಗಳು ಓದುತ್ತಿರುವುದು ಡೇಟಾ ಸೈನ್ಸ್ ಆದರೆ ಆ ವಲಯದೊಳಗೆ ಉತ್ತರ ಸಿಗುವುದಿಲ್ಲ.

ದೂರದ ಪರಿಚಯದ ಬಲ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಜನರನ್ನು ವಿಚಾರಿಸಿದರು. 1973ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಶೇ. 16.7 ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದರು. ಶೇ. 55.6 ಮಂದಿ ಆಗೊಮ್ಮೆ ಈಗೊಮ್ಮೆ, ಶೇ. 27.8 ಮಂದಿ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಕಡಿಮೆ ಭೇಟಿಯಾಗುತ್ತಿದ್ದರು. ಹತ್ತಿರದವರಿಗೆ ಗೊತ್ತಿರುವ ಸುದ್ದಿ ವಿದ್ಯಾರ್ಥಿಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿ ನೋಡಿತು. ಅದು ಸ್ವಲ್ಪ ತಿದ್ದುಪಡಿ ಮಾಡಿತು. ತೀರಾ ಹತ್ತಿರದವರೂ ಅಲ್ಲ, ಏನೂ ಸಂಬಂಧ ಇಲ್ಲದವರೂ ಅಲ್ಲ, ನಡುವಿನ ಪರಿಚಯದವರೇ ಕೆಲಸ ಬದಲಾವಣೆಗೆ ಹೆಚ್ಚು ನೆರವಾದರು. ಅಂದ್ರೆ ಕೆಲವು ಸಾಮಾನ್ಯ ಸ್ನೇಹಿತರು ಇರುವ, ಆದರೆ ದಿನಾ ಮಾತಾಡದ ವ್ಯಕ್ತಿ.

ಬಹ್ರೈನ್‌ನಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ? ಯಕ್ಷಗಾನದ ದಿನ ಎರಡು ಸಾಲು ಹಿಂದೆ ಕೂತವರು, ಶಾಲಾ ಬಸ್ಸಿನಲ್ಲಿ ಜೊತೆಗಿದ್ದು ಈಗ ಕೆಲಸಕ್ಕೆ ಸೇರಿದವರು, ಶುಕ್ರವಾರದ ಕ್ರಿಕೆಟ್‌ನಲ್ಲಿ ಎದುರು ತಂಡದಲ್ಲಿ ಆಡುವವರು.

ಮೊದಲ ಕೆಲಸ: ಇಪ್ಪತ್ತು ಹೆಸರು

ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಇಪ್ಪತ್ತು ಹೆಸರು ಬರೆಯಬೇಕು. "ದೊಡ್ಡವರು ಯಾರು ಗೊತ್ತು?" ಅಂತ ಕೇಳಿದರೆ ಪಟ್ಟಿ ಎರಡು ಹೆಸರಿಗೆ ನಿಲ್ಲುತ್ತದೆ. ಬದಲಿಗೆ "ಯಾರ ಕಚೇರಿಯೊಳಗೆ ಹೋಗಿಬಂದಿದ್ದೀರಿ?" ಅಂತ ಕೇಳಬೇಕು.

ಡೆಲಿವರಿ ಮಾಡುವ ತಂದೆಗೆ ಮೂವತ್ತು ಕಂಪೆನಿಗಳ ಖರೀದಿ ವಿಭಾಗದವರು ಮುಖಪರಿಚಯ. ಎಸಿ ಟೆಕ್ನಿಷಿಯನ್‌ಗೆ ಸೀಫ್, ಡಿಪ್ಲೊಮ್ಯಾಟಿಕ್ ಏರಿಯಾದ ಕಟ್ಟಡಗಳ ಫೆಸಿಲಿಟಿ ಮ್ಯಾನೇಜರುಗಳು ಗೊತ್ತು. ಕಂಪೆನಿಯ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒಗೆ ಎಲ್ಲ ಕಂಪೆನಿಗಳ ಎಚ್‌ಆರ್ ಗೊತ್ತು. ಟ್ಯೂಷನ್ ಹೇಳುವ ತಾಯಿಗೆ ಮಕ್ಕಳ ಹೆತ್ತವರೆಲ್ಲ ಗೊತ್ತು. ಇವರಲ್ಲಿ ಯಾರೂ "ದೊಡ್ಡ ಪರಿಚಯ" ಅಲ್ಲ. ಆದರೆ ಪ್ರತಿಯೊಬ್ಬರೂ ಒಂದೊಂದು ಬಾಗಿಲು ತೋರಿಸಬಲ್ಲರು. ತಂದೆಯ ಕೆಲಸ ಸಣ್ಣದು ಎಂಬ ಸಂಕೋಚದಿಂದ ಈ ಪಟ್ಟಿಯನ್ನೇ ಮಾಡದ ಮಕ್ಕಳು ಇದ್ದಾರೆ. ಅವರು ಕಳೆದುಕೊಳ್ಳುವುದು ಮನೆಯಲ್ಲೇ ಇರುವ ಬಂಡವಾಳ.

ಪಟ್ಟಿಗೆ ಸೇರಬೇಕಾದ ಇನ್ನೂ ಕೆಲವರು:

* ಶಾಲೆಯ ಹಿರಿಯ ವಿದ್ಯಾರ್ಥಿಗಳು. 1950ರಲ್ಲಿ ಶುರುವಾದ ಇಂಡಿಯನ್ ಸ್ಕೂಲ್‌ನಲ್ಲಿ ಓದಿ ಇಲ್ಲೇ ಉದ್ಯೋಗದಲ್ಲಿರುವವರು ಬಹಳ ಮಂದಿ. ಶಿಕ್ಷಕರಿಗೆ ಅವರ ಸಂಪರ್ಕ ಇರುತ್ತದೆ.
* ಕಾಲೇಜಿನ ಗಲ್ಫ್ ಹಳೆ ವಿದ್ಯಾರ್ಥಿಗಳು. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ, ಮಂಗಳೂರಿನ ಕಾಲೇಜುಗಳಿಂದ ಹೊರಬಂದವರು ಕೊಲ್ಲಿಯ ಎಲ್ಲ ದೇಶಗಳಲ್ಲೂ ಇದ್ದಾರೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು ಹಳೆ ವಿದ್ಯಾರ್ಥಿಗಳ ವಿಭಾಗದಲ್ಲಿ 'ಬಹ್ರೈನ್' ಅಂತ ಹುಡುಕಿದರೆ ಹೆಸರು ಸಿಗುತ್ತವೆ.
* ಕನ್ನಡ ಸಂಘ ಬಹ್ರೈನ್ ಮತ್ತು ಕರಾವಳಿಯ ಸಮುದಾಯ ಸಂಘಟನೆಗಳ ಸದಸ್ಯರು. ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸಲು, ನೋಂದಣಿ ಮೇಜಿನಲ್ಲಿ ಕೂರಲು ಹೋಗುವ ವಿದ್ಯಾರ್ಥಿಯನ್ನು ಜನ ನೆನಪಿಡುತ್ತಾರೆ. ಊಟಕ್ಕೆ ಮಾತ್ರ ಬರುವವರನ್ನು ನೆನಪಿಡುವುದಿಲ್ಲ.

ಯಾವ ಓದಿಗೆ ಯಾವ ಕಡೆ

*ಕಾಮರ್ಸ್:* ಬಹ್ರೈನ್‌ನಲ್ಲಿ ವ್ಯಾಟ್ ಬಂದದ್ದು 2019ರ ಜನವರಿ 1ರಂದು, ಶೇ. 5ರ ದರದಲ್ಲಿ. 2022ರ ಜನವರಿ 1ರಿಂದ ಅದು ಶೇ. 10. ದೊಡ್ಡ ಬಹುರಾಷ್ಟ್ರೀಯ ಕಂಪೆನಿಗಳಿಗೆ 2025ರಿಂದ ಶೇ. 15ರ ಕನಿಷ್ಠ ತೆರಿಗೆಯೂ ಬಂದಿದೆ. ಇದರಿಂದ ಸಣ್ಣ ಟ್ರೇಡಿಂಗ್ ಕಂಪೆನಿಗೂ ಇನ್‌ವಾಯ್ಸ್ ಸರಿಯಾಗಿ ಜೋಡಿಸುವವರು, ರಿಟರ್ನ್‌ಗೆ ಮಾಹಿತಿ ತಯಾರಿಸುವವರು ಬೇಕಾಗಿದ್ದಾರೆ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐಯ ಬಹ್ರೈನ್ ಘಟಕದ ಕಾರ್ಯಕ್ರಮಗಳು, 1981ರಲ್ಲಿ ಸ್ಥಾಪನೆಯಾದ ಬ್ಯಾಂಕಿಂಗ್ ತರಬೇತಿ ಸಂಸ್ಥೆ ಬಿಐಬಿಎಫ್‌ನ ಕೋರ್ಸುಗಳು ಪರಿಚಯಕ್ಕೆ ಒಳ್ಳೆಯ ಜಾಗ. ಸಿಎ ಓದುವವರು ಒಂದು ವಿಷಯ ನೆನಪಿಡಬೇಕು. 2023ರ ಹೊಸ ವ್ಯವಸ್ಥೆಯಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ, ಅದು ಐಸಿಎಐ ನಿಯಮದಂತೆ ನೋಂದಣಿ ಆಗಿರಬೇಕು. ರಜೆಯಲ್ಲಿ ಮನಾಮದ ಕಚೇರಿಯಲ್ಲಿ ಕಲಿತದ್ದು ಅದಕ್ಕೆ ಬದಲಿಯಲ್ಲ. ಆದರೆ ಆರ್ಟಿಕಲ್‌ಶಿಪ್ ಸಂದರ್ಶನದಲ್ಲಿ ಹೇಳಲು ಒಂದು ಅನುಭವ ಸಿಗುತ್ತದೆ.

*ಎಂಜಿನಿಯರಿಂಗ್:* ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಎಲ್ಲರ ಕಣ್ಣೂ ಅಲ್ಬಾ, ಬಾಪ್ಕೊ ಮೇಲೆ. ಇಂಥ ದೊಡ್ಡ ಸಂಸ್ಥೆಗಳಲ್ಲಿ ತರಬೇತಿಗೆ ಬಹ್ರೈನ್ ಪ್ರಜೆಗಳಿಗೆ ಆದ್ಯತೆ ಇರುವುದು ಸಹಜ, ನ್ಯಾಯವೂ ಹೌದು. ಭಾರತೀಯ ವಿದ್ಯಾರ್ಥಿಗೆ ಹೆಚ್ಚು ಸಾಧ್ಯತೆ ಇರುವುದು ಅವುಗಳ ಗುತ್ತಿಗೆದಾರರು, ಸಲಹಾ ಸಂಸ್ಥೆಗಳು, ಬಿಡಿಭಾಗ ಪೂರೈಸುವ ಮಧ್ಯಮ ಕಂಪೆನಿಗಳಲ್ಲಿ. ಅಲ್ಲಿ ಕನ್ನಡಿಗ ಎಂಜಿನಿಯರುಗಳೂ ಇದ್ದಾರೆ.

*ಐಟಿ:* 2018ರಲ್ಲಿ ಬಹ್ರೈನ್ ಫಿನ್‌ಟೆಕ್ ಬೇ ಶುರುವಾಯಿತು. 2019ರಲ್ಲಿ ಅಮೆಜಾನ್ ವೆಬ್ ಸರ್ವಿಸಸ್ ಮಧ್ಯಪ್ರಾಚ್ಯದ ತನ್ನ ಮೊದಲ ಡೇಟಾ ಸೆಂಟರ್ ವಲಯವನ್ನು ಇಲ್ಲೇ ತೆರೆಯಿತು. ಸ್ಟಾರ್ಟ್‌ಅಪ್ ಭೇಟಿಗಳು, ತಾಂತ್ರಿಕ ಸಭೆಗಳು ಹಲವು ಬಾರಿ ಉಚಿತ. ಮಾತಾಡಲು ಹಿಂಜರಿಯುವವರಿಗೆ ಬಹ್ರೈನ್‌ನ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಅಭ್ಯಾಸಕ್ಕೂ ಆಗುತ್ತವೆ, ಪರಿಚಯಕ್ಕೂ ಆಗುತ್ತವೆ.

*ನರ್ಸಿಂಗ್ ಮತ್ತು ಆರೋಗ್ಯ:* ಇಲ್ಲಿ ಕೆಲಸ ಮಾಡಲು ಎನ್‌ಎಚ್‌ಆರ್‌ಎ ಪರವಾನಗಿ ಬೇಕು. ಈಗಾಗಲೇ ಪರವಾನಗಿ ಪಡೆದ ಊರಿನ ಒಬ್ಬ ನರ್ಸ್ ಜೊತೆ ಅರ್ಧ ಗಂಟೆ ಮಾತಾಡಿದರೆ ಯಾವ ದಾಖಲೆ ಮೊದಲು, ಎಷ್ಟು ಅನುಭವ, ಎಲ್ಲಿ ತಡವಾಗುತ್ತದೆ ಎಂಬುದು ತಿಳಿಯುತ್ತದೆ.

ಮೊದಲ ಸಂದೇಶ ಹೇಗಿರಬೇಕು

"ಹಾಯ್ ಸರ್" ಅಂತ ಬರೆದು ಉತ್ತರಕ್ಕೆ ಕಾಯುವುದು ಬೇಡ. ಸಿವಿಯನ್ನು ಮೊದಲ ಸಂದೇಶದಲ್ಲೇ ಅಂಟಿಸುವುದೂ ಬೇಡ. ಐದಾರು ಸಾಲಿನಲ್ಲಿ ನಾಲ್ಕು ವಿಷಯ ಇದ್ದರೆ ಸಾಕು: ಯಾರು, ಯಾರ ಮೂಲಕ, ಏನು ತಿಳಿಯಬೇಕು, ಎಷ್ಟು ಹೊತ್ತು. ಇಂಗ್ಲಿಷ್‌ನಲ್ಲಿ ಬರೆದರೂ ಸಾರ ಹೀಗಿರಲಿ:

"ನಮಸ್ಕಾರ. ನಾನು ಮಂಗಳೂರಿನಲ್ಲಿ ಬಿಕಾಂ ಎರಡನೇ ವರ್ಷ ಓದುತ್ತಿದ್ದೇನೆ. ನಿಮ್ಮ ಕಚೇರಿಗೆ ಸಾಮಾನು ತಲುಪಿಸುವ ನನ್ನ ತಂದೆಯವರು ನಿಮ್ಮ ಹೆಸರು ಹೇಳಿದರು. ಮುಂದಿನ ತಿಂಗಳು 20ರವರೆಗೆ ಬಹ್ರೈನ್‌ನಲ್ಲಿರುತ್ತೇನೆ. ವ್ಯಾಟ್ ಬಂದ ಮೇಲೆ ಲೆಕ್ಕಪತ್ರ ವಿಭಾಗದ ಕೆಲಸ ಹೇಗೆ ಬದಲಾಗಿದೆ, ನಾನು ಈಗ ಏನು ಕಲಿಯಬೇಕು ಎಂದು ಕೇಳುವ ಆಸೆ. ನಿಮಗೆ ಅನುಕೂಲವಾದ ದಿನ 15 ನಿಮಿಷ ಫೋನಿನಲ್ಲಿ ಮಾತಾಡಬಹುದೇ?"

ಇದರಲ್ಲಿ ಕೆಲಸದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ತಂದೆಯ ಕೆಲಸವನ್ನು ಮುಚ್ಚಿಟ್ಟೂ ಇಲ್ಲ. ಉತ್ತರ ಬರದಿದ್ದರೆ ಒಂದು ವಾರದ ನಂತರ ಒಮ್ಮೆ ನೆನಪಿಸಬಹುದು. ಆಮೇಲೂ ಬರದಿದ್ದರೆ ಬೇಸರ ಇಟ್ಟುಕೊಳ್ಳದೆ ಮುಂದಿನ ಹೆಸರಿಗೆ ಹೋಗಬೇಕು. ಬಹ್ರೈನ್‌ನಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಭಾನುವಾರ ಬೆಳಿಗ್ಗೆ ಕಚೇರಿಗಳಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ರಮಝಾನ್‌ನಲ್ಲಿ ಕೆಲಸದ ಹೊತ್ತು ಕಡಿಮೆ, ಹಬ್ಬ ಕಳೆದ ಮೇಲೆ ಕೇಳುವುದು ಮೇಲು.

ಹದಿನೈದು ನಿಮಿಷದಲ್ಲಿ

ಮಾತಿಗೆ ಮುಂಚೆ ಆ ಕಂಪೆನಿ ಏನು ಮಾಡುತ್ತದೆ ಎಂದು ಓದಿಕೊಂಡಿರಬೇಕು. ನಾಲ್ಕು ಪ್ರಶ್ನೆ ಸಾಕು. ಈ ಕೆಲಸಕ್ಕೆ ನೀವು ಹೇಗೆ ಬಂದಿರಿ? ಹೊಸದಾಗಿ ಸೇರುವವರು ಎಲ್ಲಿ ಎಡವುತ್ತಾರೆ? ನನ್ನ ಜಾಗದಲ್ಲಿ ನೀವಿದ್ದರೆ ಮುಂದಿನ ಆರು ತಿಂಗಳಲ್ಲಿ ಏನು ಕಲಿಯುತ್ತಿದ್ದಿರಿ? ನಾನು ಇನ್ನು ಯಾರ ಬಳಿ ಮಾತಾಡಬಹುದು?

ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಒಂದು ಹೆಸರು ಎರಡಾಗುವುದು ಅಲ್ಲಿಯೇ. ಹೇಳಿದ ಹೊತ್ತಿಗೆ ಮಾತು ಮುಗಿಸಿ, ಅದೇ ದಿನ ಎರಡು ಸಾಲಿನ ಧನ್ಯವಾದ ಕಳಿಸಬೇಕು. ಅವರು ಎಕ್ಸೆಲ್‌ನ ಒಂದು ಭಾಗ ಕಲಿ ಅಂತ ಹೇಳಿದ್ದರೆ, ಕಲಿತು ಎರಡು ತಿಂಗಳ ನಂತರ "ನೀವು ಹೇಳಿದ್ದು ಮಾಡಿದೆ" ಎಂದು ಬರೆಯಬೇಕು. ಸಲಹೆ ಕೇಳುವವರು ನೂರು ಮಂದಿ, ಕೇಳಿ ಮಾಡಿದವರು ನಾಲ್ಕು ಮಂದಿ. ಆ ನಾಲ್ವರ ಹೆಸರು ನೆನಪಿರುತ್ತದೆ.

ಲೆಕ್ಕ ಇಡುವುದು

ಅಂಗಡಿಯ ಉದ್ರಿ ಪುಸ್ತಕದ ಹಾಗೆ ಇದಕ್ಕೂ ಒಂದು ಪುಸ್ತಕ ಬೇಕು. ಆರು ಕಾಲಂ ಸಾಕು: ಹೆಸರು, ಎಲ್ಲಿ ಕೆಲಸ, ಯಾರ ಮೂಲಕ, ಮಾತಾಡಿದ ದಿನಾಂಕ, ಏನು ಹೇಳಿದರು, ಮುಂದೆ ಏನು ಮಾಡಬೇಕು. ವಾರಕ್ಕೆ ಎರಡು ಮಾತುಕತೆ ಆದರೆ ಆರು ವಾರದ ರಜೆಯಲ್ಲಿ ಹನ್ನೆರಡು. ಹನ್ನೆರಡರಲ್ಲಿ ಒಂದೂ ಇಂಟರ್ನ್‌ಶಿಪ್ ಆಗದೇ ಇರಬಹುದು. ಆದರೂ ಮುಂದಿನ ವರ್ಷ ಅದೇ ವಿದ್ಯಾರ್ಥಿ ಬಂದಾಗ ಅವಳಿಗೆ ಹನ್ನೆರಡು ಮಂದಿ ಗೊತ್ತಿರುತ್ತಾರೆ. ಕೊನೆಯ ವರ್ಷದಲ್ಲಿ ಶುರು ಮಾಡಿದರೆ ಈ ಬಡ್ಡಿ ಬೆಳೆಯಲು ಸಮಯ ಇರುವುದಿಲ್ಲ. ತಂದೆಯ ಕೆಲಸವೂ ವೀಸಾವೂ ಯಾವಾಗ ಮುಗಿಯುತ್ತದೆ ಎಂದು ಹೇಳಲಾಗದ ಮನೆಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕ.

ಕಾನೂನು ಮರೆಯಬಾರದು

ತಂದೆ ಅಥವಾ ತಾಯಿಯ ವೀಸಾದಲ್ಲಿ ಅವಲಂಬಿತರಾಗಿ ಇರುವವರು, ವಿಸಿಟ್ ವೀಸಾದಲ್ಲಿ ಬಂದವರು ಪರ್ಮಿಟ್ ಇಲ್ಲದೆ ಕೆಲಸ ಮಾಡುವಂತಿಲ್ಲ. ಬಹ್ರೈನ್‌ನಲ್ಲಿ ಈ ಪರ್ಮಿಟ್ ಕೊಡುವುದು 2006ರಲ್ಲಿ ಸ್ಥಾಪನೆಯಾದ ಎಲ್‌ಎಂಆರ್‌ಎ. "ಸಂಬಳ ಕೊಡ್ತಿಲ್ಲ, ಬರೀ ಟ್ರೈನಿಂಗ್" ಎಂಬ ಮಾತನ್ನು ನಂಬಿ ಕಚೇರಿಯಲ್ಲಿ ಕೂರಬಾರದು. ಕಾಲೇಜಿನ ಪತ್ರ, ಕಂಪೆನಿಯ ಲಿಖಿತ ಪತ್ರ ಎರಡೂ ಇರಲಿ. ಇಂಥ ತರಬೇತಿಗೆ ಏನು ಅನುಮತಿ ಬೇಕು ಎಂಬುದನ್ನು ಶುರು ಮಾಡುವ ಮೊದಲು ಕಂಪೆನಿಯ ಎಚ್‌ಆರ್ ಮೂಲಕ ಎಲ್‌ಎಂಆರ್‌ಎಯಲ್ಲಿ ಖಚಿತ ಮಾಡಿಕೊಳ್ಳಬೇಕು. ತೊಂದರೆ ಬಂದರೆ ಅದು ವಿದ್ಯಾರ್ಥಿಗೆ ಮಾತ್ರವಲ್ಲ, ಸಿಪಿಆರ್‌ನಲ್ಲಿ ಹೆಸರಿರುವ ಇಡೀ ಮನೆಗೆ ಬರಬಹುದು. ಅನುಮತಿ ಕಷ್ಟವಾದರೆ ಬಹ್ರೈನ್‌ನಲ್ಲಿ ಮಾಡಿಕೊಂಡ ಪರಿಚಯದಿಂದಲೇ ಅದೇ ಕಂಪೆನಿಯ ಬೆಂಗಳೂರು, ಮಂಗಳೂರು ಕಚೇರಿಯಲ್ಲಿ ಕೇಳಬಹುದು.

ದುಡ್ಡು ಕೇಳಿದರೆ

ಇಂಟರ್ನ್‌ಶಿಪ್‌ಗೆ ಡಿಪಾಸಿಟ್, ಸಂದರ್ಶನಕ್ಕೆ ಶುಲ್ಕ, ಆಫರ್ ಲೆಟರ್‌ಗೆ "ಪ್ರೊಸೆಸಿಂಗ್" ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಓದು ಮುಗಿದು ಊರಿನಿಂದ ಏಜೆಂಟರ ಮೂಲಕ ಗಲ್ಫ್ ಕೆಲಸಕ್ಕೆ ಬರುವವರು ಏಜೆಂಟರ ನೋಂದಣಿಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬೇಕು. ನೋಂದಾಯಿತ ಏಜೆಂಟರೂ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರಿಗೆ ರಸೀದಿ ಕೇಳಿದರೆ ಅರ್ಧ ಸತ್ಯ ಹೊರಬರುತ್ತದೆ. ಇಲ್ಲೂ ಪರಿಚಯವೇ ರಕ್ಷಣೆ. ಆ ಕಂಪೆನಿಯಲ್ಲಿ ನಿಜವಾಗಿ ಕೆಲಸ ಮಾಡುವ ಒಬ್ಬರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಸುಳ್ಳು ಬಯಲಾಗುತ್ತದೆ.

ಕೊಡುವವರ ಕಡೆಯ ಮಾತು

ಈ ದಾರಿ ಒಂದೇ ಕಡೆಯಿಂದ ನಡೆಯುವುದಿಲ್ಲ. ಬಹ್ರೈನ್‌ನಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ಕನ್ನಡಿಗರು ಸಂಘದ ಕಾರ್ಯಕ್ರಮಕ್ಕೆ ದೇಣಿಗೆ ಕೊಡುತ್ತಾರೆ, ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುತ್ತಾರೆ. ಅದರ ಜೊತೆಗೆ ತಿಂಗಳಿಗೆ ಎರಡು ಬಾರಿ ಹದಿನೈದು ನಿಮಿಷ ಕೊಟ್ಟರೆ ವರ್ಷಕ್ಕೆ ಇಪ್ಪತ್ತನಾಲ್ಕು ವಿದ್ಯಾರ್ಥಿಗಳ ಜೊತೆ ಮಾತಾಡಿದಂತೆ ಆಗುತ್ತದೆ, ಒಟ್ಟು ಆರು ಗಂಟೆಯ ಖರ್ಚಿನಲ್ಲಿ. "ನಮ್ಮಲ್ಲಿ ಜಾಗ ಇಲ್ಲ, ಆದರೆ ಮಾತಾಡೋಣ" ಎಂದು ನೇರವಾಗಿ ಹೇಳುವುದು "ಸಿವಿ ಕಳಿಸಿ, ನೋಡೋಣ" ಎನ್ನುವುದಕ್ಕಿಂತ ದೊಡ್ಡ ಉಪಕಾರ. ಕಾಯಿಸುವ ಮಾತಿಗಿಂತ ಸ್ಪಷ್ಟ ಮಾತು ಒಂದು ರಜೆಯನ್ನು ಉಳಿಸುತ್ತದೆ.

ಹೀಗೆ ಸಹಾಯ ಪಡೆದು ಕೆಲಸಕ್ಕೆ ಸೇರಿದವರು ಮುಂದಿನ ವರ್ಷದ ವಿದ್ಯಾರ್ಥಿಗೆ ಫೋನ್ ಎತ್ತಬೇಕು. ಮುಂಬಯಿಯ ರಾತ್ರಿ ಶಾಲೆಯ ಬೆಂಚಿನಲ್ಲಿ ಪಕ್ಕದವನು ಮಾಡಿದ್ದು ಅದನ್ನೇ.

ಸದ್ಯಕ್ಕೆ ಮಾಡಬೇಕಾದ ಕೆಲಸ ಸಣ್ಣದು. ಮುಂದಿನ ಶುಕ್ರವಾರ ಊಟವಾದ ಮೇಲೆ ತಂದೆ, ತಾಯಿ, ಮಕ್ಕಳು ಒಂದು ಹಾಳೆ ತೆಗೆದುಕೊಂಡು ಕೂತು ಇಪ್ಪತ್ತು ಹೆಸರು ಬರೆಯುವುದು. ಮೊದಲ ಸಂದೇಶ ಅದೇ ವಾರ ಹೋಗಲಿ.